ಕೆಂಪು ಬಿದ್ದ ಪ್ರೆಸ್ಸು

“ಲೇ ಬರಗೇರಮ್ಮ, ಆ ಮೊಂಡ್ಗೈ ಎತ್ಕಂಡು ಹಿಂದ್ಗಡೆ ಹೋಗೇ! ಕಂಪನಿಯೋರ ಕಣ್ಣಿಗೆ ಬಿದ್ದೀಯ, ಅಪಶಕುನ ಮುಂಡೇದು!”

ಬೆಳಗ್ಗೆಯೇ ವಿಭೂತಿ ಬಳಿದುಕೊಂಡು ತಿಪ್ಪೇರುದ್ರಪ್ಪ ಸಾವ್ಕಾರರು ನನಗೆ ಆಶೀರ್ವಾದ ಮಾಡಿದ್ದು ಹೀಗೆ. ಹಿರಿಯೂರಿನ ಹೊರಗಿರುವ ಅವರ ಶೆಡ್ಡಿನಲ್ಲಿ ಟ್ರ್ಯಾಕ್ಟರಿನ ವಾಷರ್ ಹೊಡೆಯುತ್ತೇವೆ. ತಗಡಿನ ಪಟ್ಟಿಯನ್ನು ಅಚ್ಚಿನಡಿ ಇಟ್ಟು, ಪ್ರೆಸ್ಸಿನ ಎರಡು ಗುಂಡಿಗಳನ್ನು ಎರಡೂ ಕೈಯಿಂದ ಒತ್ತಬೇಕು. ಆಗ ಮಾತ್ರ ಮೇಲಿನ ಅಚ್ಚು ಇಳಿಯುತ್ತದೆ, ಬೆರಳೂ ಉಳಿಯುತ್ತದೆ. ಹಾಗೆ ಮಾಡಿದವನು ಯಾರೋ ಪುಣ್ಯಾತ್ಮ. ನಮ್ಮ ಸಾವ್ಕಾರರು ಅವನಿಗಿಂತ ಬುದ್ಧಿವಂತರು. ಎಡಗುಂಡಿಗೆ ಸೈಕಲ್ ಟ್ಯೂಬ್ ಬಿಗಿದು, ಅದು ಸದಾ ಒತ್ತಿರುವಂತೆ ಮಾಡಿದರು. ಬಲಗೈ ಒತ್ತುತ್ತದೆ, ಎಡಗೈ ತಗಡು ತಳ್ಳುತ್ತದೆ, ಮಾಲು ದುಪ್ಪಟ್ಟು. ನನ್ನ ಎಡಗೈಯ ಎರಡು ಬೆರಳು ಹೋದದ್ದು ಅಲ್ಲೇ. ಬಾಗಿಲಿಗೆ ಕೈ ಸಿಕ್ಕಿತು ಅಂತ ಸಾವ್ಕಾರರು ಆಸ್ಪತ್ರೆಯಲ್ಲಿ ಬರೆಸಿದರು.

ಈಗ ನನ್ನದು ಮಾಲು ಆರಿಸುವ ಕೆಲಸ. ಕೆಟ್ಟ ವಾಷರಿಗೆ ಕೆಂಪು ಬಣ್ಣ ಹಚ್ಚುತ್ತೇನೆ. ಕೆಂಪು ಬಿದ್ದದ್ದನ್ನು ಯಾರೂ ಮುಟ್ಟಬಾರದು, ಅದು ಮಾಲು ಕೊಳ್ಳುವ ಕಂಪನಿಯ ಕಾನೂನು. ನನ್ನ ಜಾಗದಲ್ಲಿ ಪ್ರೆಸ್ಸಿಗೆ ಕೂತವಳು ತಂಗಿಯ ಮಗಳು ಅಂಜಲಿ. ದಿನಾ ಸಂಜೆ ಅವಳ ಬೆರಳು ಮುಟ್ಟಿ ನೋಡುತ್ತೇನೆ. ಹತ್ತೂ ಇದ್ದರೆ ಗಂಟಲಲ್ಲಿ ಅನ್ನ ಇಳಿಯುತ್ತದೆ.

ಇವತ್ತು ಟ್ಯೂಬ್ ಬಿಚ್ಚಿದ್ದರು. ಪ್ರೆಸ್ಸಿಗೆ ಚೆಂಡುಹೂವಿನ ಹಾರ ಬೇರೆ! ಬಿಚ್ಚಿದ ಟ್ಯೂಬನ್ನು ನನ್ನ ಮಡಿಲಿಗೇ ಎಸೆದರು.

“ಬಚ್ಚಿಡು. ಅವ್ರು ಹೋದ್ಮೇಲೆ ಮತ್ತೆ ಕಟ್ಟಾಣ.”

ಕಂಪನಿಯ ಸುಷ್ಮಿತಾ ಮೇಡಂ ಮಾಲು ನೋಡಲು ಬಂದರು. ಸಾವ್ಕಾರರ ಬಾಯಲ್ಲಿ ಬೆಲ್ಲ.

“ಕೆಲಸದೋರು ನಮಗೆ ಮಕ್ಳಿದ್ದಂಗೆ ಮೇಡಂ. ಎರಡೂ ಕೈಲಿ ಒತ್ತಮ್ಮ ಅಂಜಲಿ, ನಗ್ತಾ ಒತ್ತು.”

ಅಂಜಲಿ ಒಂದು ವಾಷರ್ ಹೊಡೆದು ಕೈ ತೆಗೆದಳು. ಅಷ್ಟರಲ್ಲಿ ನಾನು ಮುಂದೆ ಬಂದು ಎಡಗುಂಡಿಗೆ ಟ್ಯೂಬ್ ಸುತ್ತಿ ಬಿಗಿದೆ.

“ಏ ಬೇವರ್ಸಿ! ಏನ್ ಮಾಡ್ತಿದೀಯೇ?” ಬೆಲ್ಲ ಕರಗಿಹೋಗಿತ್ತು.

“ನೀವು ಮಕ್ಳಿಗೆ ದಿನಾ ಹಾಕೋ ಒಡವೆ, ಸಾವ್ಕಾರ್ರೆ. ಮೇಡಂನೂ ನೋಡ್ಲಿ.”

ಕೆಂಪು ಬಣ್ಣದ ಡಬ್ಬಿಗೆ ಎಡಗೈ ಅದ್ದಿ ಪ್ರೆಸ್ಸಿನ ಮೇಲೆ ಬಡಿದೆ. ಮೂರು ಬೆರಳಿನ ಗುರುತು ಬಿತ್ತು. ಮೇಡಂ ಒಮ್ಮೆ ಅದನ್ನು ನೋಡಿದರು, ಒಮ್ಮೆ ನನ್ನ ಕೈ ನೋಡಿದರು.

“ಒರೆಸೇ ಅದನ್ನ!” ಸಾವ್ಕಾರರು ಅಂಜಲಿಯ ಮೇಲೆ ಕೂಗಾಡಿದರು.

ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

“ಕೆಂಪು ಬಿದ್ದದ್ದು ಮುಟ್ಟಂಗಿಲ್ಲ, ಸಾವ್ಕಾರ್ರೆ.”