ನೆಂಟರು ತುಂಬಿದ ಬ್ರೌಸರು

ಆಂಧ್ರದ ಗಡಿಯ ಕಲ್ಯಾಣದುರ್ಗದಲ್ಲಿ, ಮರುಳಪ್ಪನ ಪಡಸಾಲೆಯಲ್ಲಿ ದಿನಾ ಸಂಜೆ ನಾಲ್ಕಕ್ಕೆ ಎಂಟು ಮಕ್ಕಳು ಟಿವಿ ಮುಂದೆ ಸಾಲಾಗಿ ಕೂರುತ್ತಿದ್ದರು. ಸಿನಿಮಾ ನೋಡಲು ಅಲ್ಲ, ಲೆಕ್ಕ ಕಲಿಯಲು. ಟಿವಿಯೊಳಗಿಂದ ಪಾಠ ಹೇಳುತ್ತಿದ್ದವಳು ಮರುಳಪ್ಪನ ಮಗಳು ಶಿವಲೀಲಾ. ಮದುವೆಗೆ ಮುಂಚೆ ಇದೇ ಪಡಸಾಲೆಯಲ್ಲಿ ಇದೇ ಮಕ್ಕಳಿಗೆ ಹೇಳಿಕೊಡುತ್ತಿದ್ದಳು. ಆರು ತಿಂಗಳ ಹಿಂದೆ ಹಿಂದೂಪುರಕ್ಕೆ ಸೊಸೆಯಾಗಿ ಹೋದ ಮೇಲೂ ಬಿಡದೆ, ಗಂಡನ ಮನೆಯ ಕಂಪ್ಯೂಟರಿನಿಂದ ಮುಂದುವರಿಸಿದ್ದಳು. ಮರುಳಪ್ಪ ಹೊಲಗಳಿಗೆ ಡ್ರಿಪ್ ಪೈಪು ಹಾಕುವ ಮೇಸ್ತ್ರಿ. ಎಲ್ಲೇ ಕೆಲಸವಿದ್ದರೂ ನಾಲ್ಕರೊಳಗೆ ಮನೆಗೆ ಬಂದು, ಮಕ್ಕಳ ಹಿಂದೆ ಗೋಡೆಗೊರಗಿ ಕೂರುತ್ತಿದ್ದ. ಭಿನ್ನರಾಶಿ ಅವನ ತಲೆಗೆ ಹತ್ತುತ್ತಿತ್ತು ಅಂತೇನಲ್ಲ. ಮಗಳ ದನಿ ಕೇಳಿದರೆ ಎದೆ ಉಬ್ಬುತ್ತಿತ್ತು, ಅಷ್ಟೇ.

ಹತ್ತು ದಿನದಿಂದ ಈ ಸುಖಕ್ಕೆ ಕಲ್ಲು ಬಿದ್ದಿತ್ತು. ಪಾಠ ಹೇಳುತ್ತ ಹೇಳುತ್ತಲೇ ಮಗಳು ಮಾಯ. ಐದು ನಿಮಿಷಕ್ಕೆ ಮತ್ತೆ ಬರುವಳು, ಮತ್ತೆ ಮಾಯ. ಮಕ್ಕಳು ನಗತೊಡಗಿದರು, ತಾಯಂದಿರು ಗೊಣಗತೊಡಗಿದರು. ಕೊನೆಗೆ ಮಗಳದ್ದೇ ಫೋನ್ ಬಂತು.

"ಅಪ್ಪಾ, ಬ್ರೌಸರು ತಂತಾನೆ ಮುಚ್ಕೊಂಡ್ಬುಡ್ತೈತೆ. ನಾನು ಪಾಠ ಶುರು ಮಾಡಿದ್ಮೇಲೇ ಕಂಪ್ಯೂಟರ್ ಕೆಟ್ಟಿದ್ದು ಅಂತವ್ರೆ ಅತ್ತೆ. ನಾಳೆ ಸಂಜೆ ಅಂಗಡಿಗೆ ಹೋಯ್ತೈತಂತೆ. ರಿಪೇರಿಯಾಗಿ ಬಂದ್ಮೇಲೆ ಪಾಠಗೀಠ ಏನೂ ಬ್ಯಾಡ ಅಂದವ್ರೆ."

ದನಿ ಗಟ್ಟಿಯಾಗಿಯೇ ಇತ್ತು. ಆದರೆ ಹೆತ್ತವನಿಗೆ ಗೊತ್ತಾಗದೆ ಇರುತ್ತದೆಯೇ? ಮರುದಿನ ಬೆಳಗಿನ ಬಸ್ಸಿಗೆ ಮರುಳಪ್ಪ ಒಂದು ಚೀಲ ಕಡಲೆಕಾಯಿ ಹೊತ್ತು ಹಿಂದೂಪುರಕ್ಕೆ ಹೊರಟ. ಪಡಸಾಲೆಯ ಬೀಗದ ಕೈಯನ್ನು ಪಕ್ಕದ ಮನೆಯ ಚಿನ್ನಕ್ಕನಿಗೆ ಕೊಟ್ಟು, ನಾಲ್ಕಕ್ಕೆ ಟಿವಿ ಹಚ್ಚು ಎಂದು ಹೇಳಿಯೇ ಹೊರಟ. ಪಾಠ ನಡೆದೇ ನಡೆಯುತ್ತದೆ ಅನ್ನುವ ಹಟ ಅವನದು.

ಬೀಗರ ಮನೆಯಲ್ಲಿ ಮಗಳ ಅತ್ತೆ ನಿರ್ಮಲಮ್ಮ ಮಜ್ಜಿಗೆ ಕೊಟ್ಟು ಉಪಚರಿಸಿದರು. ಲೋಟ ಕೆಳಗಿಡುವಷ್ಟರಲ್ಲಿ ಮಾತು ಕಂಪ್ಯೂಟರಿಗೆ ಬಂತು.

"ಬೀಗ್ರೆ, ತಪ್ಪು ತಿಳ್ಕೋಬ್ಯಾಡ್ರಿ. ನಾಲ್ಕು ವರ್ಷ ಬಂಗಾರದಂಗಿತ್ತು. ನಿಮ್ಮ ಮಗಳು ಕೈಯಿಟ್ಟಳು, ಕೆಡ್ತು. ನಿಮ್ಮ ಮಗಳಿಗೆ ಹೇಳಿ, ಮನೆ ಕೆಲ್ಸ ನೋಡ್ಕೊಂಡು ಇರ್ಲಿ."

ಮರುಳಪ್ಪನ ಕಿವಿ ಬಿಸಿಯಾಯಿತು. ಎರಡು ಮಾತು ಆಡಿಬಿಡಬೇಕೆನ್ನಿಸಿತು. ಹೆಣ್ಣು ಕೊಟ್ಟವನು, ಬೀಗರ ಮನೆಯಲ್ಲಿ ನಾಲಗೆ ಉದ್ದ ಮಾಡಬಾರದೆಂದು ನುಂಗಿಕೊಂಡ.

ಶಿವಲೀಲಾ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. "ಅತ್ತೆ, ಸಂಜೆ ತನಕ ಟೈಮೈತಲ್ಲ. ನಾನೊಂದು ಸಲ ನೋಡ್ಲಾ?"

"ಇರೋದನ್ನೂ ಕೆಡಿಸಬ್ಯಾಡ ಕಣಮ್ಮ," ಎಂದರು ನಿರ್ಮಲಮ್ಮ. ಆದರೆ ಬೇಡವೆನ್ನಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕಾವಲು ಕೂತರು.

ಶಿವಲೀಲಾ ಮೊದಲು ಬೇರೆ ಬೇರೆ ಪ್ರೋಗ್ರಾಂ ತೆರೆದು ನೋಡಿದಳು. ಎಲ್ಲ ಸರಿಯಾಗಿದ್ದವು, ಅಂದರೆ ಕಂಪ್ಯೂಟರಿಗೆ ರೋಗವಿಲ್ಲ. ಬ್ರೌಸರು ತೆರೆದಳು, ನಾಲ್ಕು ನಿಮಿಷಕ್ಕೆ ಮುಚ್ಚಿಕೊಂಡಿತು. ಆಮೇಲೆ, ಬ್ರೌಸರಿಗೆ ಹೊರಗಿನಿಂದ ಸೇರಿಸಿದ್ದೇನೂ ಕೆಲಸ ಮಾಡದ ಪ್ರೈವೇಟ್ ಕಿಟಕಿ ತೆರೆದಳು. ಹತ್ತು ನಿಮಿಷವಾಯಿತು, ಕಾಲು ಗಂಟೆಯಾಯಿತು, ಅದು ಅಲ್ಲಾಡಲಿಲ್ಲ. ಅವಳು ಅಪ್ಪನ ಕಡೆ ತಿರುಗಿದಳು.

"ಅಪ್ಪಾ, ಮೇನ್ ಲೈನು ಗಟ್ಟಿಯಾಗೈತೆ. ಸೋರ್ತಿರೋದು ಯಾವ್ದೋ ಕವಲು."

ಮರುಳಪ್ಪನಿಗೆ ಕಂಪ್ಯೂಟರಿನ ಗಂಧಗಾಳಿ ಇಲ್ಲ, ಆದರೆ ಈ ಮಾತು ಪೂರ್ತಿ ಅರ್ಥವಾಯಿತು. ಬ್ರಹ್ಮಸಮುದ್ರದ ಹೊಲಗಳಲ್ಲಿ ಪೈಪು ಎಲ್ಲೋ ಸೋರಿ ನೀರಿನ ಒತ್ತಡ ಬಿದ್ದಾಗ, ಎಂಟು ವರ್ಷದ ಇದೇ ಹುಡುಗಿ ಲಂಗ ಎತ್ತಿ ಕಟ್ಟಿಕೊಂಡು ಸಾಲಿನಿಂದ ಸಾಲಿಗೆ ಓಡುತ್ತಿದ್ದಳು. ಎಲ್ಲ ವಾಲ್ವೂ ಮುಚ್ಚುವುದು, ಆಮೇಲೆ ಒಂದೊಂದೇ ತೆರೆಯುವುದು. ಯಾವುದು ತೆರೆದಾಗ ಒತ್ತಡ ಬೀಳುತ್ತದೋ ಅದೇ ಕಳ್ಳ. ಅವನು ಇದನ್ನೆಂದೂ ಪಾಠ ಮಾಡಿ ಹೇಳಿರಲಿಲ್ಲ. ಬರೀ ನೋಡಿ ಕಲಿತಿದ್ದಳು.

"ಮುಚ್ಚವ್ವ ಎಲ್ಲಾನೂ," ಎಂದ.

ಮುಚ್ಚಬೇಕಾದದ್ದು ಯಾವುದು ಅನ್ನುವಲ್ಲಿ ತಕರಾರು ಬಂತು. ಆ ಬ್ರೌಸರಿನಲ್ಲಿ ನೆಂಟರೇ ತುಂಬಿದ್ದರು. ಮನೆಗೆ ಬಂದವರಲ್ಲಿ ಕಂಪ್ಯೂಟರು ಬಲ್ಲವರೆಲ್ಲ ಉಡುಗೊರೆಯಂತೆ ಒಂದೊಂದು ಎಕ್ಸ್‌ಟೆನ್ಷನ್, ಅಂದರೆ ಬ್ರೌಸರಿಗೆ ಅಂಟಿಸುವ ಪುಟ್ಟ ಪ್ರೋಗ್ರಾಂ, ಸೇರಿಸಿ ಹೋಗಿದ್ದರು. ವಿಡಿಯೋ ಇಳಿಸುವುದು ಗೋರಂಟ್ಲದ ಅಶೋಕನದು, ಕ್ರಿಕೆಟ್ ಸ್ಕೋರು ಭಾನುಪ್ರಕಾಶನದು. ರಾಹುಕಾಲ ತೋರಿಸುವ ಪಂಚಾಂಗ ಮಾತ್ರ ನಿರ್ಮಲಮ್ಮನ ಮುದ್ದಿನ ತಮ್ಮ ಸಿದ್ದಲಿಂಗೇಶನದು. ಅದನ್ನು ನೋಡದೆ ಅವರು ಹಾಲಿಗೆ ಹೆಪ್ಪನ್ನೂ ಹಾಕುತ್ತಿರಲಿಲ್ಲ.

"ಪ್ರೀತಿಯಿಂದ ಹಾಕಿಕೊಟ್ಟವ್ರೆ ಕಣೆ. ಕಿತ್ತಾಕಿದ್ರೆ ನಾಳೆ ಬಂದಾಗ ಏನ್ ಮುಖ ತೋರಿಸ್ಲಿ?"

"ಕೀಳಲ್ಲ ಅತ್ತೆ, ಮುಚ್ತೀನಿ ಅಷ್ಟೆ. ವಾಲ್ವ್ ಮುಚ್ಚಿದ್ರೆ ಪೈಪು ಎಲ್ಲಿ ಹೋಯ್ತದೆ?"

ಎಲ್ಲವನ್ನೂ ಮುಚ್ಚಿದಳು. ಬ್ರೌಸರು ಮುಚ್ಚಿಕೊಳ್ಳದೆ ಗಟ್ಟಿಯಾಗಿ ನಿಂತಿತು. ಅಶೋಕನನ್ನು ತೆರೆದು ಹತ್ತು ನಿಮಿಷ ಕಾದರು, ಏನೂ ಆಗಲಿಲ್ಲ. "ಅಶೋಕ ಒಳ್ಳೇವನು," ಎಂದರು ನಿರ್ಮಲಮ್ಮ, ಈಗ ಅವರಿಗೂ ಆಟ ಹತ್ತಿತ್ತು. ಭಾನುಪ್ರಕಾಶನನ್ನು ತೆರೆದರು. ಇವನೇ ಇರಬೇಕು, ಇವನ ಮದುವೆಯಲ್ಲೂ ಹೀಗೇ ಮೈಕು ಕೆಟ್ಟಿತ್ತು ಎಂದು ನಿರ್ಮಲಮ್ಮ ತೀರ್ಪನ್ನೂ ಕೊಟ್ಟರು. ಅವನೂ ನಿರಪರಾಧಿಯಾದ.

ಉಳಿದದ್ದು ಪಂಚಾಂಗ ಒಂದೇ.

ಶಿವಲೀಲಾಳ ಕೈ ಮೌಸಿನ ಮೇಲೆ ನಿಂತಿತು. ಮರುಳಪ್ಪ ಮುಂದಕ್ಕೆ ಬಾಗಿದ. ಒತ್ತವ್ವಾ, ನಿನ್ನ ಮೇಲೆ ಹೊರಿಸಿದ್ದು ಯಾರ ತಪ್ಪೆಂದು ಇವರಿಗೆ ತಿಳಿಯಲಿ ಎಂದು ಅವನ ಒಳಗು ಕೂಗುತ್ತಿತ್ತು. ಮಗಳು ಒತ್ತಲಿಲ್ಲ. ಮೌಸನ್ನು ಮೆಲ್ಲಗೆ ಅತ್ತೆಯ ಕಡೆ ಸರಿಸಿದಳು.

"ಇದನ್ನ ನೀವೇ ತೆರೀರಿ ಅತ್ತೆ."

ತಮ್ಮನ ಮೇಲಿನ ನಂಬಿಕೆಯಿಂದ ನಿರ್ಮಲಮ್ಮ ಟಪ್ಪನೆ ಒತ್ತಿದರು. ಮೂರು ನಿಮಿಷ ಕಳೆಯಿತು. ಕಿಟಕಿ ಕಣ್ಣೆದುರೇ ಮಾಯವಾಯಿತು. ಮತ್ತೆ ತೆರೆದು ಒತ್ತಿದರು, ಮತ್ತೆ ಮಾಯವಾಯಿತು. ನಿರ್ಮಲಮ್ಮ ಬಾಯಿಗೆ ಸೆರಗು ಹಿಡಿದುಕೊಂಡರು.

ಈಗ ಒಂದು ಮಾತು ಆಡಿದ್ದರೆ ಮಗಳು ಗೆಲ್ಲುತ್ತಿದ್ದಳು. ಅವಳು ಆಡಿದ್ದು ಬೇರೆಯೇ ಮಾತು.

"ಸಿದ್ದಲಿಂಗೇಶ್ ಮಾವ ಹಾಕಿದಾಗ ಚೆನ್ನಾಗೇ ಇತ್ತು ಅತ್ತೆ. ಹತ್ತು ದಿನದ ಹಿಂದೆ ಬ್ರೌಸರು ಹೊಸಾದಾಯ್ತು, ಇದು ಹಳೇದೇ ಉಳೀತು. ಹೊಸ ನಲ್ಲಿಗೆ ಹಳೇ ವಾಷರ್ ಕೂರ್ತದಾ? ಯಾರ ತಪ್ಪೂ ಅಲ್ಲ." ಅಷ್ಟು ಹೇಳಿ, ಆ ಎಕ್ಸ್‌ಟೆನ್ಷನ್ ಮುಚ್ಚಿ, ಅದರ ಬದಲು ಪಂಚಾಂಗದ ಒಂದು ವೆಬ್ ಪುಟ ಹುಡುಕಿ, ಒಂದೇ ಒತ್ತಿಗೆ ತೆರೆಯುವಂತೆ ಮೇಲುಗಡೆ ಇಟ್ಟುಕೊಟ್ಟಳು. "ನಿಮ್ಮ ರಾಹುಕಾಲ ಎಲ್ಲೂ ಹೋಗಲ್ಲ, ಇಲ್ಲೇ ಐತೆ."

ಮರುಳಪ್ಪ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ಸೋರುವ ಕವಲು ಹಿಡಿಯುವುದನ್ನು ಅವನನ್ನು ನೋಡಿ ಕಲಿತಿದ್ದಳು, ಸರಿ. ಆದರೆ ಹಿಡಿದ ಮೇಲೆ ಹೊಲದವನನ್ನು ಬೈಯದೆ ಬಂದದ್ದು ಅವನ ಜನ್ಮದಲ್ಲಿಲ್ಲ. ಇದನ್ನು ಮಗಳು ಸ್ವಂತವಾಗಿ ಕಲಿತಿದ್ದಳು. ಆ ಹೆಮ್ಮೆ ಅವನಿಗೆ ತಡೆಯಲಾರದಷ್ಟಾಯಿತು.

ನಾಲ್ಕಕ್ಕೆ ಪಾಠ ಶುರುವಾಯಿತು. ಪರದೆಯ ಮೇಲೆ ಕಲ್ಯಾಣದುರ್ಗದ ಪಡಸಾಲೆ, ಎಂಟು ಮಕ್ಕಳು, ಮೂಲೆಯಲ್ಲಿ ಚಿನ್ನಕ್ಕ. ಐದು ನಿಮಿಷ, ಹತ್ತು ನಿಮಿಷ, ಅರ್ಧ ಗಂಟೆ, ಪಾಠ ನಿಲ್ಲಲಿಲ್ಲ. ಮುಂದೆ ಕೂತಿದ್ದ ಮೌನಿಕಾ ಎಂಬ ಹುಡುಗಿಗೆ ಅನುಮಾನ ಹೋಗಿರಲಿಲ್ಲ. ಎದ್ದು ನಿಂತು ತೆಲುಗಿನಲ್ಲೇ ಕೇಳಿದಳು: "ಮೇಡಂ, ಮಳ್ಳೀ ಪೋತಾರಾ?" ಮತ್ತೆ ಹೋಗಿಬಿಡುತ್ತೀರಾ ಎಂದು.

ಶಿವಲೀಲಾ ಬಾಯಿ ತೆರೆಯುವ ಮುಂಚೆಯೇ ನಿರ್ಮಲಮ್ಮ ಕ್ಯಾಮೆರಾದ ಮುಂದೆ ಬಾಗಿದರು.

"ಎಲ್ಲಿಗೂ ಹೋಗಲ್ಲ ಕಣಮ್ಮ. ನಮ್ ಸೊಸೆನೇ ಕೂತ್ಕೊಂಡು ರಿಪೇರಿ ಮಾಡವ್ಳೆ, ಮೆಕ್ಯಾನಿಕ್ಕನ್ನೂ ಕರೀಲಿಲ್ಲ. ತಪ್ಪು ನಮ್ದೇ ಇತ್ತು. ನಾಳೆನೂ ಬರ್ರಿ, ನಾಳಿದ್ದೂ ಬರ್ರಿ. ನಮ್ ಸೊಸೆ ಇಲ್ಲೇ ಇರ್ತಾಳೆ."

ಬೆಳಗಿನಿಂದ ಆ ಬಾಯಲ್ಲಿ ಮರುಳಪ್ಪ ಕೇಳಿದ್ದು "ನಿಮ್ಮ ಮಗಳು" ಎಂದೇ. ಈಗ ಅವನ ಮಗಳನ್ನು ಅವನ ಕಣ್ಣೆದುರೇ ತಮ್ಮವಳನ್ನಾಗಿ ಮಾಡಿಕೊಂಡಿದ್ದರು. ಬಸ್ಸಿನ ಹೊತ್ತಾಗಿತ್ತು. ಅವನು ಏಳಲಿಲ್ಲ. ಚೀಲವನ್ನು ಪಕ್ಕಕ್ಕಿಟ್ಟು, ಗೋಡೆಗೊರಗಿ, ಪಾಠ ಮುಗಿಯುವ ತನಕ ಕೂತ.