ಲಿಯೋನಿ ತಡೆದ ವರ್ಗಾವಣೆ

ಇಂಗ್ಲಿಷೂ ಫ್ರೆಂಚೂ ಆಡುವ ಮಾಂಕ್ಟನ್ ಪೇಟೆಯಲ್ಲಿ ಚಪ್ಪಲಿ ಅಂಗಡಿಯ ಮಹಡಿ ಮೇಲಿನ ಆ ಕಚೇರಿಯಲ್ಲಿ ಹನ್ನೊಂದು ಜನ. ಗಿರಾಕಿಗಳ ಹಣ ಎಲ್ಲಿಂದ ಬಂತು, ಎಲ್ಲಿಗೆ ಹೊರಟಿತು ಎಂದು ನೋಡುವ ಕೆಲಸವನ್ನು ಟೊರಾಂಟೊದ ಕ್ರಿಪ್ಟೊ ಕಂಪನಿಗಳು ಇವರಿಗೆ ಗುತ್ತಿಗೆ ಕೊಟ್ಟಿದ್ದವು. ಮೇಲ್ವಿಚಾರಕ ಗೆಟಾನ್ ಅಲ್ಲಿ ಯಾರನ್ನಾದರೂ ಗುರುವೆಂದು ಒಪ್ಪಿದ್ದರೆ ಅದು ತನ್ನ ಕೈಕೆಳಗಿನ ಲಿಯೋನಿಯನ್ನೇ. ಮೂವತ್ತು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತು ನಿವೃತ್ತಳಾದವಳು, ಮನೆಯಲ್ಲಿ ಬೇಜಾರೆಂದು ಈ ಕೆಲಸ ಹಿಡಿದಿದ್ದಳು.

ಒಂದು ಮಂಗಳವಾರ ಬೆಳಿಗ್ಗೆ ಅವಳು ಒಂದು ವರ್ಗಾವಣೆಯನ್ನು ತಡೆಹಿಡಿದಳು. ಹತ್ತಿರದ ಕರಾವಳಿಯ ಆಲ್ಫೆ ಎಂಬ ಎಪ್ಪತ್ತಮೂರರ ಮೀನುಗಾರ, ದೋಣಿ ಮಾರಿ ಬಂದ ಮೂವತ್ತೆಂಟು ಸಾವಿರ ಡಾಲರನ್ನು ಯಾರದೋ ಹೆಸರಿಲ್ಲದ ವ್ಯಾಲೆಟ್ಟಿಗೆ, ಅಂದರೆ ಕ್ರಿಪ್ಟೊ ಖಾತೆಗೆ, ಕಳಿಸಹೊರಟಿದ್ದ. ಕಂಪ್ಯೂಟರಿಗೆ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ.

ಟೊರಾಂಟೊದ ಕಂಪನಿಯಿಂದ ಗೆಟಾನ್‌ಗೆ ಫೋನು ಬಂತು. "ಒಳ್ಳೆ ಗಿರಾಕಿ ಕಣ್ರೀ. ಹತ್ತು ನಿಮಿಷದಲ್ಲಿ ಹಣ ಬಿಡಿ, ಇಲ್ಲಾಂದ್ರೆ ಗುತ್ತಿಗೆ ಬೇರೆಯವರಿಗೆ ಹೋಗುತ್ತೆ."

ಗೆಟಾನ್ ಲಿಯೋನಿಯ ಮೇಜಿಗೆ ಓಡಿದ. "ಏನು ಕಂಡ್ರಿ ಇದ್ರಲ್ಲಿ?"

"ನೋಡಪ್ಪ, ಈ ಮನುಷ್ಯ ಹೋದ ತಿಂಗಳು ಕಂಪನಿಗೆ ಬರೆದ ಪತ್ರದಲ್ಲಿ ಸಾಲಿಗೆ ಮೂರು ತಪ್ಪು. ಇವತ್ತಿನ ಕೋರಿಕೇನ ವಕೀಲರ ಥರ ಬರೆದಿದ್ದಾನೆ. ಇದು ಅವನ ಬರವಣಿಗೆ ಅಲ್ಲ."

ಗುತ್ತಿಗೆ ಹೋದರೆ ಹನ್ನೊಂದು ಮನೆಯ ಅನ್ನ ಹೋದಂತೆ. ಆದರೂ ಗೆಟಾನ್, "ಮಾತಾಡಿ ನೋಡಿ" ಎಂದ.

ಲಿಯೋನಿ ಫೋನು ಮಾಡಿದಾಗ ಆಲ್ಫೆ ಇಂಗ್ಲಿಷಿನಲ್ಲಿ ಪಾಠ ಒಪ್ಪಿಸಿದ. "ನನ್ನ ದುಡ್ಡು, ನನ್ನ ಇಷ್ಟ. ಯಾರೂ ಹೇಳಿಕೊಟ್ಟಿಲ್ಲ." ಪ್ರತಿ ಉತ್ತರಕ್ಕೂ ಮುನ್ನ ಬೇರೆ ಯಾರನ್ನೋ ಕೇಳಿಸಿಕೊಳ್ಳುವವನಂತೆ ತಡೆಯುತ್ತಿದ್ದ. ಲಿಯೋನಿ ತಟ್ಟನೆ ಇಂಗ್ಲಿಷ್ ಬಿಟ್ಟು ಆ ಕರಾವಳಿಯ ಫ್ರೆಂಚಿಗೆ ಇಳಿದಳು. ಪ್ಯಾರಿಸಿನವರಿಗೂ ಸರಿಯಾಗಿ ತಿಳಿಯದ, ಅಜ್ಜಿಯರ ಮಾತು ಅದು.

"ಅಣ್ಣಾ, ಇನ್ನೊಬ್ಬ ಕೇಳಿಸ್ಕೊಳ್ತಿದ್ದಾನಲ್ಲ? ಅವನಿಗೆ ಈ ಮಾತು ಬರಲ್ಲ. ಧೈರ್ಯವಾಗಿ ಹೇಳು."

ಮುದುಕನೂ ಅದೇ ಮಾತಿಗೆ ತಿರುಗಿದ. "ಇನ್ನೊಂದು ಫೋನಲ್ಲಿದ್ದಾನೆ. ಬ್ಯಾಂಕಿನವನಂತೆ. ಖಾತೆಗೆ ಕಳ್ಳರು ನುಗ್ಗಿದ್ದಾರೆ, ದುಡ್ಡು ಬೇರೆ ಕಡೆ ಸಾಗಿಸು, ಹೆಂಡತಿಗೂ ಹೇಳ್ಬೇಡ ಅಂದ."

"ಆ ಫೋನು ಇಟ್ಬಿಡು. ಹೋಗಿ ಹೆಂಡತೀನ ಕರಿ. ನಾನು ಇಲ್ಲೇ ಇರ್ತೀನಿ."

ಗೆಟಾನ್ ಟೊರಾಂಟೊಗೆ ತಾನೇ ಫೋನು ಮಾಡಿ, "ಬಿಡಲ್ಲ" ಎಂದು ಕಾರಣ ಹೇಳಿದ. ಆ ಕಡೆಯವರು ಮತ್ತೆ ಗುತ್ತಿಗೆಯ ಮಾತೆತ್ತಲಿಲ್ಲ. ಹೋದ ವಾರವೇ ಅದೇ ವಂಚಕನಿಗೆ ಕಳಿಸಿದ್ದ ಒಂಬತ್ತು ಸಾವಿರ ಡಾಲರ್ ಆಲ್ಫೆಗೆ ಮರಳಿ ಸಿಗಲಿಲ್ಲ. ದೋಣಿಯ ಹಣ ಉಳಿಯಿತು.

ಗೆಟಾನ್ ಫೋನು ಮುಗಿಸಿ ಬಂದಾಗ ಲಿಯೋನಿ ಇನ್ನೂ ಫೋನಿನಲ್ಲಿದ್ದಳು. ಮುದುಕ ಕೇಳುತ್ತಿದ್ದ, "ಅದಿರಲಿ, ನೀನು ಯಾರ ಮಗಳಮ್ಮ?"

"ಕೋಕಾನ್ ಹಳ್ಳಿಯ ದಾಮಾಸ್ ಮಗಳು."

"ಬಲೆ ಹೆಣೀತಿದ್ನಲ್ಲ, ಆ ದಾಮಾಸ್ನಾ?"

ಮಾತು ಬೇಗ ಮುಗಿಯುವಂತೆ ಕಾಣಲಿಲ್ಲ. ಅವಳ ಪಾಲಿಗೆ ಬಾಕಿಯಿದ್ದ ಕೆಲಸವನ್ನೆಲ್ಲ ಗೆಟಾನ್ ಸದ್ದಿಲ್ಲದೆ ತನ್ನ ಮೇಜಿಗೆ ಹಾಕಿಕೊಂಡ.