ಡ್ರೈವರ್ ಮೇಲೆ ಬಂದ ಅಪವಾದ

ಅಬ್ಬಿಗೆರೆಯ ಆ ಶೆಡ್ಡಿನಲ್ಲಿ ಡೇರಿಗಳಿಗೆ ಬೇಕಾದ ಪೆಟ್ಟಿಗೆ ತಯಾರಾಗುತ್ತಿತ್ತು. ಹಾಲಿನ ಜಿಡ್ಡು ಅಳೆದು ದೂರದ ಕಚೇರಿಗೆ ಕಳಿಸುವ, ಟಿಫಿನ್ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಒಳಗೆ ಓಡುವುದು ಲಿನಕ್ಸ್ ಎಂಬ ತಂತ್ರಾಂಶ. ಹನ್ನೆರಡು ವರ್ಷ ಮನೆಯಲ್ಲಿದ್ದು ಮತ್ತೆ ಕೆಲಸಕ್ಕೆ ಬಂದ ಸರಳಾಳ ಪಾಲಿಗೆ ಬಿದ್ದದ್ದು ಅದರ ನೆಟ್‌ವರ್ಕ್ ಕಾರ್ಡು.

ಹೊಸದಾಗಿ ಬಂದ ಕಾರ್ಡಿನ ಮೇಲೆ ಹಳೇ ಹೆಸರೇ ಇತ್ತು, ಒಳಗಿನ ಚಿಪ್ಪು ಮಾತ್ರ ಬೇರೆ. ಲಿನಕ್ಸ್ ಅದರ ಗುರುತೇ ಹಿಡಿಯಲಿಲ್ಲ. ಸರಳಾ ಮೂರು ವಾರ ಕೂತು, ಇಬ್ಬರಿಗೂ ಮಾತು ಕೂಡಿಸುವ ಡ್ರೈವರನ್ನು ತಿದ್ದಿ ಬರೆದಳು. ಹಬ್ಬದ ಹಿಂದಿನ ದಿನ ಕಾರ್ಡು ಮಾತಾಡಿತು. ಹಬ್ಬ ಮುಗಿಸಿ ಬಂದರೆ, ಪೆಟ್ಟಿಗೆ ಹತ್ತು ನಿಮಿಷಕ್ಕೊಮ್ಮೆ ಮೂರ್ಛೆ ಹೋಗುತ್ತಿತ್ತು. ತೆರೆಯ ತುಂಬ ಮೆಮೊರಿ ಎರರ್.

"ಬೇಜಾರ್ ಮಾಡ್ಕೋಬೇಡಿ ಮೇಡಂ," ಅಂದ ಪುನೀತ್. ಕಂಪನಿಯ ಯಜಮಾನ, ಅವಳಿಗಿಂತ ಹದಿನೈದು ವರ್ಷ ಚಿಕ್ಕವನು. "ನಿಮ್ ಡ್ರೈವರ್ ಮೆಮೊರೀಲಿ ಬೇರೆ ಯಾರದ್ದೋ ಜಾಗಕ್ಕೆ ನುಗ್ಗಿ ಬರೀತಿದೆ ಅನ್ಸುತ್ತೆ. ಮೂರು ಗಂಟೆಗೆ ಡೇರಿಯವ್ರು ಬರ್ತಾರೆ. ಅಷ್ಟರೊಳಗೆ ಸರಿಹೋಗ್ಲಿಲ್ಲ ಅಂದ್ರೆ ಡ್ರೈವರ್ ಕೆಲ್ಸ ಹೊರಗಡೆ ಕೊಟ್ಬಿಡ್ತೀನಿ. ನೀವು ಮ್ಯಾನ್ಯುಯಲ್ ಬರೀರಿ."

ಮದುವೆಮನೆಯ ಒಲೆ ಮುಂದಿನಿಂದ ಎಬ್ಬಿಸಿ ಕೊತ್ತಂಬರಿ ಬಿಡಿಸೋಕೆ ಕೂರಿಸಿದ ಹಾಗಾಯಿತು ಸರಳಾಗೆ.

ತಾನು ಬರೆದದ್ದನ್ನು ಒಂಬತ್ತು ಸಲ ಓದಿದಳು, ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಮತ್ತೆ ಮತ್ತೆ ಹೋಗಿ ನೋಡುವ ಹಾಗೆ. ಮಾಡಬೇಕಾದ್ದೇನೆಂದು ಬೆಳಗ್ಗೆಯೇ ಗೊತ್ತಿತ್ತು: ಡ್ರೈವರ್ ತೆಗೆದು ಬರೀ ಮೆಮೊರಿಯನ್ನು ಪರೀಕ್ಷಿಸುವುದು. ಆದರೆ ಅದು ಪಾಸಾಗಿಬಿಟ್ಟರೆ ತಪ್ಪು ತನ್ನದೇ ಎಂದು ಖಾತ್ರಿಯಾಗುತ್ತದಲ್ಲ. ಮನೆಯಲ್ಲಿ ಏನೇ ಕಳೆದರೂ ಮೊದಲ ಪ್ರಶ್ನೆ ಅವಳ ಕಡೆಗೇ ಬರುತ್ತಿತ್ತು. ಈಗ ಯಾರೂ ಕೇಳದಿದ್ದರೂ ತಾನೇ ಕೇಳಿಕೊಳ್ಳುತ್ತಿದ್ದಳು.

ಎರಡು ಗಂಟೆಗೆ ಕಸ ಗುಡಿಸಲು ಬಂದ ಗೋಪಾಲಮ್ಮ ಪೊರಕೆ ನಿಲ್ಲಿಸಿದಳು. "ಯಾಕ್ ಸರಳಮ್ಮ, ಮಕ ಇಂಗಾಗದೆ?"

"ಒಂದ್ ಪರೀಕ್ಷೆ ಮಾಡ್ಬೇಕು. ರಿಸಲ್ಟ್ ನೋಡೋಕೆ ಭಯ."

"ನೋಡ್ದಿದ್ರೆ ಪಾಸಾಗ್ಬಿಡ್ತೀರಾ?"

ಸರಳಾ ಡ್ರೈವರ್ ತೆಗೆದಳು, ಕಾರ್ಡನ್ನೂ ಕಿತ್ತಿಟ್ಟಳು. ಪರೀಕ್ಷೆ ಶುರುವಾದ ನಾಲ್ಕನೇ ನಿಮಿಷಕ್ಕೆ ಎರರ್ ಬಂತು. ಎರರ್ ಕಂಡು ಇಷ್ಟು ಹಿಗ್ಗಿದವರು ಆ ಶೆಡ್ಡಿನಲ್ಲಿ ಹಿಂದೆ ಯಾರೂ ಇರಲಿಲ್ಲ. "ನಂದಲ್ಲ ಕಣಮ್ಮ ತಪ್ಪು," ಎಂದು ಗೋಪಾಲಮ್ಮನ ಕೈಯನ್ನು ಪೊರಕೆ ಸಮೇತ ಹಿಡಿದಳು.

ಮುಚ್ಚಳ ಬಿಚ್ಚಿ ಮೆಮೊರಿ ಪಟ್ಟಿಯನ್ನು ಹೊರಗೆಳೆದಳು. ಅದರ ಚಿನ್ನದ ಹಲ್ಲುಗಳ ಮೇಲೆ ಕೆಂಪಗೆ ಏನೋ ಒಣಗಿ ಅಂಟಿತ್ತು.

ಗೋಪಾಲಮ್ಮ ಬಗ್ಗಿ ನೋಡಿದಳು. "ಕುಂಕುಮ ಅಲ್ವಾ?"

ಆಯುಧಪೂಜೆಯ ದಿನ ಡ್ರಿಲ್ಲು, ಕಂಪ್ರೆಸರ್, ಪುನೀತನ ಬೈಕು ಎಲ್ಲಕ್ಕೂ ಗೋಪಾಲಮ್ಮನೇ ಬೊಟ್ಟಿಟ್ಟಿದ್ದಳು. ಈ ಪೆಟ್ಟಿಗೆಯನ್ನು ಮಾತ್ರ ಬೇರೆಯವರು ಮುಟ್ಟಬಾರದೆಂದು ಸರಳಾ, ಕಲಸಿದ ಕುಂಕುಮದಲ್ಲಿ ತಾನೇ ಬೆರಳದ್ದಿ, ಕಾರ್ಡು ಮಾತಾಡಿದ ಖುಷಿಗೆ ಧಾರಾಳವಾಗಿ ಒಳಗೇ ಮೂರು ಬೊಟ್ಟಿಟ್ಟು ಮುಚ್ಚಳ ಹಾಕಿದ್ದಳು. ಒಂದು ಜಾರಿ ಇಳಿದಿತ್ತು.

ಸ್ಪಿರಿಟ್ಟಿನಲ್ಲಿ ಒರೆಸಿ, ರಬ್ಬರಿನಿಂದ ಉಜ್ಜಿದಳು. ಮೆಮೊರಿ ಪಾಸಾಯಿತು. ಕಾರ್ಡು, ಡ್ರೈವರ್ ಎರಡನ್ನೂ ವಾಪಸ್ ಹಾಕಿದಳು. ಮೂರಕ್ಕೆ ಐದು ನಿಮಿಷ ಇರುವಾಗಲೂ ಪೆಟ್ಟಿಗೆ ಓಡುತ್ತಲೇ ಇತ್ತು.

"ಏನಾಗಿತ್ತು ಮೇಡಂ?" ಪುನೀತ್ ಕೇಳಿದ.

ಧೂಳು ಎನ್ನಬಹುದಿತ್ತು. ಗೋಪಾಲಮ್ಮ ಗುಡಿಸಿದ ಜಾಗವನ್ನೇ ಗುಡಿಸುತ್ತ ಕಿವಿಗೊಟ್ಟಿದ್ದಳು.

"ಡ್ರೈವರ್ ಸರಿಯಾಗೇ ಇದೆ. ನಾನಿಟ್ಟ ಕುಂಕುಮ ಮೆಮೊರಿಗೆ ಇಳಿದಿತ್ತು."

ಪುನೀತ್ ಬಗ್ಗಿ ಪೆಟ್ಟಿಗೆಯೊಳಗೆ ಇಣುಕಿದ. "ಡ್ರೈವರ್ ನಿಮ್ ಹತ್ರಾನೇ ಇರ್ಲಿ," ಅಂದ. "ಆದ್ರೆ ಡೇರಿಯವ್ರೂ ಪೂಜೆ ಮಾಡ್ತಾರೆ. ಮ್ಯಾನ್ಯುಯಲ್‌ಗೆ ಒಂದೇ ಒಂದು ಸಾಲು ಬರ್ಕೊಡಿ ಮೇಡಂ. ಬೊಟ್ಟು ಮುಚ್ಚಳದ ಮೇಲೆ ಅಂತ."